ಮುಖ ಕಾಣುವಷ್ಟು ದೂರ: ಸ್ಟೀವ್ ಮಾರ್ಟಿನ್ ಸ್ಟ್ಯಾಂಡ್‌ಅಪ್ ಬಿಟ್ಟಿದ್ದರ ಹಿಂದಿನ ಲೆಕ್ಕ

(ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನು ಉಳಿಸಿಕೊಂಡಿದೆ.)

1970ರ ದಶಕದ ಕೊನೆಗೆ ಅಮೆರಿಕದಲ್ಲಿ ಸ್ಟೀವ್ ಮಾರ್ಟಿನ್ ಅವರಷ್ಟು ಟಿಕೆಟ್ ಮಾರುತ್ತಿದ್ದ ಸ್ಟ್ಯಾಂಡ್‌ಅಪ್ ಹಾಸ್ಯಗಾರ (ವೇದಿಕೆಯಲ್ಲಿ ಒಂಟಿಯಾಗಿ ನಿಂತು ನಗಿಸುವವರು) ಇನ್ನೊಬ್ಬರಿರಲಿಲ್ಲ. ಓಹಾಯೋದ ರಿಚ್‌ಫೀಲ್ಡ್ ಕೊಲಿಸಿಯಂನಲ್ಲಿ ಒಂದೇ ದಿನ 18,695 ಮಂದಿ. ನ್ಯೂಯಾರ್ಕ್ ಪಕ್ಕದ ನಸಾವ್ ಕೊಲಿಸಿಯಂನಲ್ಲಿ ಒಟ್ಟು 45,000. ಒಂದು ಪ್ರವಾಸದಲ್ಲಂತೂ 90 ದಿನಕ್ಕೆ 85 ಊರು. ಬಾಸ್ಕೆಟ್‌ಬಾಲ್, ಐಸ್ ಹಾಕಿ ಆಡುವ ಆ ಜಾಗಗಳ ನಡುವೆ ಒಬ್ಬ ಮನುಷ್ಯ, ಒಂದು ಮೈಕ್, ಬ್ಯಾಂಜೊ ಎಂಬ ಒಂದು ತಂತಿವಾದ್ಯ, ಅಷ್ಟೇ. 1981ರಲ್ಲಿ ಅವರು ಅದೆಲ್ಲವನ್ನೂ ನಿಲ್ಲಿಸಿಬಿಟ್ಟರು.

ಯಾಕೆ ಅಂದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ: ದಣಿದಿದ್ದರು, ಸಿನಿಮಾ ಕೈಹಿಡಿದಿತ್ತು. ಎರಡೂ ಸುಳ್ಳಲ್ಲ. ಆದರೆ ಅವರ ಆಟದ ಬಿಡಿಭಾಗಗಳನ್ನು ಒಂದೊಂದಾಗಿ ಕಳಚಿ ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ಅದು ದೂರದ ಲೆಕ್ಕ. ಆ ಆಟ ಕೆಲಸ ಮಾಡುತ್ತಿದ್ದದ್ದು ಹಾಸ್ಯಗಾರನ ಮುಖ ಕಾಣುವಷ್ಟು ಹತ್ತಿರದಲ್ಲಿ ಮಾತ್ರ. ಯಶಸ್ಸು ಆ ಮುಖವನ್ನು ಜನರಿಂದ ದೂರ ಒಯ್ದಿತು, ಕ್ಯಾಮೆರಾ ಅದನ್ನು ಹತ್ತಿರಕ್ಕೆ ತಂದಿತು. ಇವತ್ತಿನ ಮಾತು ಇಷ್ಟರ ಸುತ್ತಲೇ.

ಮೊದಲು ತರಬೇತಿ. ಮಾರ್ಟಿನ್ ಹುಟ್ಟಿದ್ದು 1945ರ ಆಗಸ್ಟ್ 14ರಂದು, ಟೆಕ್ಸಾಸ್‌ನ ವೇಕೋದಲ್ಲಿ. ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1955ರಲ್ಲಿ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಉದ್ಯಾನ ತೆರೆದಾಗ ಹುಡುಗನಿಗೆ ಇನ್ನೇನು ಹತ್ತು ವರ್ಷ ತುಂಬುವುದರಲ್ಲಿತ್ತು. ಸೈಕಲ್ ತುಳಿದುಕೊಂಡು ಹೋಗಿ ಅಲ್ಲಿ ಮಾರ್ಗದರ್ಶಿ ಪುಸ್ತಕ ಮಾರುವ ಕೆಲಸ ಹಿಡಿದ. ಪುಸ್ತಕದ ಬೆಲೆ 25 ಸೆಂಟ್, ಅದರಲ್ಲಿ ಅವನ ಪಾಲು ಎರಡು ಸೆಂಟ್. ಕೆಲಸ ಮುಗಿದ ಮೇಲೆ ಉದ್ಯಾನದೊಳಗಿನ ಗೋಲ್ಡನ್ ಹಾರ್ಸ್‌ಶೂ ರಂಗಮಂದಿರಕ್ಕೆ ಓಡಿಹೋಗಿ ವಾಲಿ ಬೋಗ್ ಎಂಬ ಹಾಸ್ಯಗಾರನ ಆಟವನ್ನು ಮಾತು ಬಾಯಿಪಾಠವಾಗುವವರೆಗೆ ನೋಡುತ್ತಿದ್ದ. ಮುಂದೆ ಮಾರ್ಟಿನ್ ಕೈಯಲ್ಲಿ ಬಲೂನಿನ ಪ್ರಾಣಿಗಳು ಮೂಡಿದ್ದು ಅಲ್ಲಿಂದ.

ಆಮೇಲೆ ಅಲ್ಲೇ ಜಾದೂ ಅಂಗಡಿಯಲ್ಲಿ ಕೆಲಸ. ಈ ಕೆಲಸವನ್ನು ಸ್ವಲ್ಪ ಗಮನಿಸಿ. ಜಾದೂ ಸಾಮಾನು ಮಾರಬೇಕಾದರೆ ಅದನ್ನು ಗಿರಾಕಿಯ ಮುಂದೆ ಮಾಡಿ ತೋರಿಸಬೇಕು. ಒಂದೇ ತಂತ್ರ, ಒಂದೇ ಮಾತು, ದಿನವಿಡೀ. ಗಿರಾಕಿ ನಿಂತಿರುವುದು ಒಂದು ಮೀಟರ್ ದೂರದಲ್ಲಿ. ಬೆರಳು ಎಡವಿದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ, ಅವನಿಗೆ ಬೇಸರ ಬಂದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಹೀಗೆ ನಿಖರತೆ ಬಂತು. ಜೊತೆಗೆ ಇನ್ನೊಂದು ವಿಷಯ ಅವರ ಗಮನಕ್ಕೆ ಬಂತು: ತಂತ್ರ ಸರಿಯಾದಾಗ ಜನ ಚಪ್ಪಾಳೆ ತಟ್ಟುತ್ತಾರೆ, ಕೆಟ್ಟಾಗ ನಗುತ್ತಾರೆ. ಮುಂದಿನ ಇಡೀ ವೃತ್ತಿಗೆ ಬೀಜ ಇದೇ ಎಂದು ನನ್ನ ಅಂದಾಜು.

18ರ ವಯಸ್ಸಿಗೆ ಅವರು ನಾಟ್ಸ್ ಬೆರಿ ಫಾರ್ಮ್ ಎಂಬ ಇನ್ನೊಂದು ಉದ್ಯಾನದ ಬರ್ಡ್ ಕೇಜ್ ರಂಗಮಂದಿರ ಸೇರಿದರು. ಹಳೇ ಧಾಟಿಯ ಮೆಲೊಡ್ರಾಮಾ (ಭಾವಾವೇಶ ತುಂಬಿದ ನಾಟಕ), ಅದರ ಬೆನ್ನಿಗೆ ನಟರ ಸ್ವಂತ ಚುಟುಕು ಆಟಗಳು. ದಿನಕ್ಕೆ ಹಲವು ಪ್ರದರ್ಶನ. ಪ್ರತಿ ಪ್ರದರ್ಶನಕ್ಕೂ ಹೊಸ ಜನ, ಆದರೆ ಆಟ ಅದೇ. ಹೊಸಬರಿಗೆ ಇಂಥ ವೇದಿಕೆ ಸಿಗುವುದು ಅಪರೂಪ. ಐದು ನಿಮಿಷದ ಆಟವನ್ನು ಒಂದೇ ವಾರದಲ್ಲಿ ಹತ್ತಾರು ಸಲ ಮಾಡಿದಾಗ, ಯಾವ ಪದ ಹೆಚ್ಚಾಯಿತು, ಯಾವ ವಿರಾಮ ಅರ್ಧ ಸೆಕೆಂಡ್ ಉದ್ದವಾಯಿತು ಎಂಬುದು ಊಹೆಯಾಗಿ ಉಳಿಯುವುದಿಲ್ಲ.

ಇನ್ನು ಹಾಸ್ಯದ ಬಗ್ಗೆ ಮಾರ್ಟಿನ್ ಕಟ್ಟಿಕೊಂಡ ಪ್ರಸಿದ್ಧ ಸಿದ್ಧಾಂತ. ಕಾಲೇಜಿನಲ್ಲಿ ಅವರು ಓದಿದ್ದು ತತ್ವಶಾಸ್ತ್ರ, ಲಾಂಗ್ ಬೀಚ್‌ನಲ್ಲಿ. ಹಾಸ್ಯವನ್ನು ವಿವರಿಸುವ ಒಂದು ಹಳೆಯ ವಾದ ಅವರ ಕಣ್ಣಿಗೆ ಬಿತ್ತು: ಮಾತುಗಾರ ಒತ್ತಡ ಕಟ್ಟುತ್ತಾನೆ, ಪಂಚ್‌ಲೈನ್ (ಜೋಕಿನ ಕೊನೆಯಲ್ಲಿ ನಗಿಸುವ ಮಾತು) ಆ ಒತ್ತಡವನ್ನು ಬಿಡುಗಡೆ ಮಾಡುತ್ತದೆ, ಬಿಡುಗಡೆಯೇ ನಗು. ಮಾರ್ಟಿನ್‌ಗೆ ಇದರಲ್ಲಿ ಒಂದು ಮೋಸ ಕಂಡಿತು. ಪಂಚ್‌ಲೈನ್ ಬಂದಾಗ ಜನ ನಗುವುದು ಎಷ್ಟೋ ಸಲ ನಗು ಬಂದದ್ದಕ್ಕಲ್ಲ, ಈಗ ನಗಬೇಕು ಎಂಬ ಸೂಚನೆ ಸಿಕ್ಕಿದ್ದಕ್ಕೆ. ಸ್ವರ ಇಳಿಯಿತು, ಮಾತು ನಿಂತಿತು, ಹುಬ್ಬು ಏರಿತು ಎಂದರೆ ಜನ ‘ಹ್ಹಹ್ಹ’ ಎನ್ನುತ್ತಾರೆ. ಅದು ಸೌಜನ್ಯದ ನಗು. ಹಾಗಾದರೆ ಸೂಚನೆಯನ್ನೇ ಕೊಡದಿದ್ದರೆ? ಒತ್ತಡ ಕಟ್ಟುತ್ತಲೇ ಹೋಗಿ, ಬಿಡುಗಡೆಯನ್ನು ಕೊಡದೇ ಇದ್ದರೆ? ಅದು ಎಲ್ಲೋ ಒಂದು ಕಡೆ ತಾನಾಗಿ ಹೊರಬರಲೇಬೇಕು. ಎಲ್ಲಿ ಎನ್ನುವುದನ್ನು ಕೇಳುಗನೇ ಆರಿಸಿಕೊಳ್ಳಲಿ.

ಮಾತಿಗೆ ಇದು ಚೆಂದ. ಮಾಡಿ ತೋರಿಸುವುದು ಹೇಗೆ? ಒಂದು ಉದಾಹರಣೆಯನ್ನು ನಿಧಾನವಾಗಿ ಬಿಡಿಸುತ್ತೇನೆ. ಮಾರ್ಟಿನ್ ವೇದಿಕೆಗೆ ಬಂದು, ಈಗ ತಮ್ಮ ಹೆಸರುವಾಸಿ ಐಟಂ ‘ಮೈಕ್ ಮೇಲೆ ಮೂಗು’ ಎಂದು ಬಹಳ ಗಂಭೀರವಾಗಿ ಘೋಷಿಸುತ್ತಾರೆ. ಬಾಗಿ ಮೂಗನ್ನು ಮೈಕಿಗೆ ತಾಗಿಸುತ್ತಾರೆ. ಒಂದೆರಡು ಸೆಕೆಂಡ್ ಹಾಗೇ ಇರುತ್ತಾರೆ. ಹಿಂದೆ ಸರಿದು, ದೊಡ್ಡ ಕಲಾವಿದರಂತೆ ಬಾಗಿ ವಂದಿಸಿ, ಧನ್ಯವಾದ ಹೇಳಿ, ಮುಂದಿನ ಐಟಂಗೆ ಹೋಗಿಬಿಡುತ್ತಾರೆ. ಮೂಗು ತಾಗಿದಾಗ ನಗು ಬರುವುದಿಲ್ಲ. ವಂದಿಸುವಾಗಲೂ ಇಲ್ಲ. ಅವರು ಆಗಲೇ ಬೇರೆ ವಿಷಯಕ್ಕೆ ಹೋದ ಮೇಲೆ, ‘ಅಯ್ಯೋ, ಐಟಂ ಅಂದರೆ ಅಷ್ಟೇನಾ!’ ಎಂದು ಹೊಳೆದಾಗ ಬರುತ್ತದೆ. ಇಲ್ಲಿ ತಪ್ಪಬಾರದ ಜಾಗ ಒಂದೇ: ಮೂಗು ಎತ್ತಿದ ಮೇಲೆ ನಗುವಿಗಾಗಿ ಅರೆಗಳಿಗೆ ಕಾದರೂ ಕೆಟ್ಟಿತು. ಕಾಯುವುದೇ ಸೂಚನೆ, ಸೂಚನೆ ಬಿದ್ದ ಕೂಡಲೇ ಅದು ಮಾಮೂಲಿ ಜೋಕ್. ಅದೂ ಕೆಟ್ಟ ಜೋಕ್.

ಈ ಆಟಕ್ಕೆ ಅಂಟು ಯಾವುದು? ಆ ಮುಖದ ಆತ್ಮವಿಶ್ವಾಸ. ತಲೆಗೆ ಹೊಕ್ಕಂತೆ ಕಾಣುವ ಬಾಣ, ಮೊಲದ ಕಿವಿ, ಮೂಗು ಅಂಟಿಸಿದ ಕನ್ನಡಕ, ಬಲೂನು... ಸಾಮಾನೆಲ್ಲ ಮಕ್ಕಳ ಅಂಗಡಿಯದು. ಅವುಗಳಲ್ಲಿ ನಗು ಇಲ್ಲ. ಅವನ್ನು ತೊಟ್ಟ ಮನುಷ್ಯ ತಾನೊಬ್ಬ ಮಹಾನ್ ಕಲಾವಿದ ಎಂದು ನಂಬಿದ್ದಾನೆ, ಆಟ ಕಳಪೆ ಎಂಬುದು ಅವನಿಗೆ ಗೊತ್ತೇ ಇಲ್ಲ. ನಗು ಇರುವುದು ಇಲ್ಲಿ. ‘ಹ್ಯಾಪಿ ಫೀಟ್’ ಎಂಬ ಐಟಂನಲ್ಲೂ ಇದೇ ರಚನೆ. ಮಾತಿನ ನಡುವೆ ಕಾಲುಗಳು ತಮ್ಮಷ್ಟಕ್ಕೆ ಕುಣಿಯತೊಡಗುತ್ತವೆ, ಮುಖ ಮಾತ್ರ ತನಗೇನೂ ಸಂಬಂಧವಿಲ್ಲದಂತೆ ಗಾಬರಿಪಡುತ್ತದೆ. ಕಾಲನ್ನಷ್ಟೇ ನೋಡಿದರೆ ಅದು ಬರೀ ಕುಣಿತ. ಮುಖವೂ ಕಂಡರೆ ಮಾತ್ರ ಹಾಸ್ಯ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಹಂತಕ್ಕೆ ಬರುವ ಮೊದಲು ಅವರು ಮಾಡಿದ ಕಳೆಯುವ ಕೆಲಸವನ್ನೂ ಹೇಳಬೇಕು, ಏಕೆಂದರೆ ಹೊಸಬರು ಇದನ್ನು ಮಾಡಲು ಹೆದರುತ್ತಾರೆ. ಎಲ್ಲೋ ಕೇಳಿದಂತಿದೆ ಎನಿಸಿದ ಪ್ರತಿ ಸಾಲನ್ನೂ ಕಿತ್ತೆಸೆದರು. ಕೈಲಿದ್ದ ಆಟದ ಬಹುಭಾಗ ಹೋಯಿತು. ಕಾಫಿಹೌಸ್‌ಗಳಲ್ಲಿ ಸಮಯ ತುಂಬಿಸಲು ಬ್ಯಾಂಜೊ, ಜಾದೂ, ಚೆಂಡುಗಳನ್ನು ಮೇಲೆಸೆದು ಹಿಡಿಯುವ ಜಗ್ಲಿಂಗ್, ಕೊನೆಗೆ ಕವಿತೆ ವಾಚನವನ್ನೂ ಸೇರಿಸಬೇಕಾಯಿತು. 1970ರ ದಶಕದ ಆರಂಭದಲ್ಲಿ ರಾಜಕೀಯವನ್ನು ತೆಗೆದರು. ವಿಯೆಟ್ನಾಂ ಯುದ್ಧದ ಕಾಲ, ಆಗಿನ ಅಧ್ಯಕ್ಷ ನಿಕ್ಸನ್ ಹೆಸರೆತ್ತಿದರೆ ಸಾಕು ನಗು ಗ್ಯಾರಂಟಿ. (ನಮ್ಮಲ್ಲೂ ಸ್ಥಳೀಯ ಶಾಸಕರ ಹೆಸರು ಎತ್ತಿದರೆ ಬೀಳುವ ಚಪ್ಪಾಳೆ ಇದೇ ಜಾತಿಯದು.) ಅದು ಹಾಸ್ಯಗಾರನ ಸಂಪಾದನೆಯಲ್ಲ, ಸಭೆಯ ಮೊದಲೇ ಇದ್ದ ಅಭಿಪ್ರಾಯದ ಸಂಪಾದನೆ. ಆಮೇಲೆ ಗಡ್ಡ ಮತ್ತು ಉದ್ದ ಕೂದಲು ಹೋದವು. ಎಲ್ಲ ಹಾಸ್ಯಗಾರರೂ ಹಿಪ್ಪಿಗಳಂತೆ ಕಾಣುತ್ತಿದ್ದ ಹೊತ್ತಿನಲ್ಲಿ ಇವರು ನೀಟಾಗಿ ಕ್ರಾಪು ಬಾಚಿ ಸೂಟು ಹಾಕಿದರು. ಬ್ಯಾಂಕ್ ಮ್ಯಾನೇಜರಂತೆ ಕಾಣುವವನ ತಲೆಯಲ್ಲಿ ಬಾಣವಿದ್ದರೆ ಕೆಲಸ ಮಾಡುತ್ತದೆ. ಹಿಪ್ಪಿಯ ತಲೆಯಲ್ಲಿದ್ದರೆ ಯಾರೂ ಕೇಳುವುದಿಲ್ಲ.

ಇದರ ನಡುವೆ ಟಿವಿ ಬರವಣಿಗೆಯ ಕೆಲಸವೂ ನಡೆದಿತ್ತು. ಸ್ಮದರ್ಸ್ ಸಹೋದರರ ಕಾರ್ಯಕ್ರಮದ ಬರಹಗಾರರ ತಂಡದಲ್ಲಿದ್ದು 1969ರಲ್ಲಿ ಎಮ್ಮಿ ಪ್ರಶಸ್ತಿ ಹಂಚಿಕೊಂಡಾಗ ಅವರಿಗೆ 23. ಆ ದಾರಿಯಲ್ಲೇ ಇದ್ದಿದ್ದರೆ ಬದುಕು ಸಲೀಸಾಗಿರುತ್ತಿತ್ತು. ಬಿಟ್ಟು ರಸ್ತೆಗಿಳಿದರು.

ರಸ್ತೆಯಲ್ಲಿ ಕಲಿತ ಮೊದಲ ಪಾಠ ಓಪನಿಂಗ್ ಆಕ್ಟ್ ಬಗ್ಗೆ. ಸಂಗೀತ ತಂಡದ ಕಛೇರಿಗೆ ಮುಂಚೆ ಇಪ್ಪತ್ತು ನಿಮಿಷ ಹಾಸ್ಯ ಮಾಡುವವರ ಪಾಡು ಹೀಗೆ: ಜನ ಇನ್ನೂ ಒಳಗೆ ಬರುತ್ತಿರುತ್ತಾರೆ, ಸೀಟು ಹುಡುಕುತ್ತಿರುತ್ತಾರೆ, ಗ್ಲಾಸು ತಟ್ಟೆ ಸದ್ದು, ಅರ್ಧ ದೀಪ ಉರಿಯುತ್ತಿರುತ್ತದೆ, ಬಂದವರಿಗೆ ಬೇಕಾದದ್ದು ಗಿಟಾರ್. ಹಾಸ್ಯಕ್ಕೆ ಗಮನಭಂಗಕ್ಕಿಂತ ದೊಡ್ಡ ಶತ್ರುವಿಲ್ಲ. ಸಂಗೀತದ ಎರಡು ಸ್ವರ ತಪ್ಪಿಸಿಕೊಂಡರೂ ಹಾಡು ಸಿಗುತ್ತದೆ, ಜೋಕಿನ ಎರಡು ಪದ ತಪ್ಪಿಸಿಕೊಂಡರೆ ಏನೂ ಸಿಗುವುದಿಲ್ಲ. ಹಾಗಾಗಿ 1970ರ ದಶಕದ ಮಧ್ಯದಲ್ಲಿ ಮಾರ್ಟಿನ್ ಒಂದು ತೀರ್ಮಾನ ಮಾಡಿದರು: ಇನ್ನು ಮೇಲೆ ಹೆಡ್‌ಲೈನರ್, ಅಂದರೆ ಕಾರ್ಯಕ್ರಮದ ಮುಖ್ಯ ಕಲಾವಿದ, ಆಗಿ ಮಾತ್ರ, ಕ್ಲಬ್ ಎಷ್ಟೇ ಚಿಕ್ಕದಿರಲಿ, ಜನ ಎಷ್ಟೇ ಕಡಿಮೆಯಿರಲಿ. ಸಂಪಾದನೆ ಇಳಿಯಿತು. ಆದರೆ ಕೋಣೆ ಅವರದಾಯಿತು: ತಗ್ಗು ಸೂರು, ಕತ್ತಲೆ, ಮುಚ್ಚಿದ ಬಾಗಿಲು, ಒಬ್ಬರಿಗೊಬ್ಬರು ತಾಗುವಂತೆ ಕುಳಿತ ಜನ. ಬಯಲಲ್ಲಿ ನಗು ಆಕಾಶಕ್ಕೆ ಹೋಗಿಬಿಡುತ್ತದೆ. ತಗ್ಗು ಸೂರಿನ ಕೆಳಗೆ ಅದು ಪಕ್ಕದವನ ಕಿವಿಗೆ ಮರಳಿ ಅವನನ್ನೂ ಎಳೆದುಕೊಳ್ಳುತ್ತದೆ. ವೇದಿಕೆ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಳ್ಳುತ್ತಿದ್ದರು, ಆ ಕ್ಷಣಕ್ಕೆ ಹೊಳೆದ ಒಳ್ಳೆಯ ಮಾತು ಬೆಳಗಾಗುವಷ್ಟರಲ್ಲಿ ಮರೆತುಹೋಗದಿರಲೆಂದು.

ಈ ಹಂತದ ಗರಿಷ್ಠ ಬಿಂದು ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ನೂರರ ಆಸುಪಾಸು ವಿದ್ಯಾರ್ಥಿಗಳು, ಜಾಗ ತರಗತಿಯಂಥದ್ದು, ವೇದಿಕೆಗೆ ಹಿಂಬಾಗಿಲಿಲ್ಲ. ಆಟ ಮುಗಿಯಿತು ಎಂದರೂ ಜನ ಏಳಲಿಲ್ಲ, ಅದೂ ಆಟದ ಭಾಗವೆಂದುಕೊಂಡರು. ಮಾರ್ಟಿನ್ ಅವರ ನಡುವೆಯೇ ನಡೆದು ಹೊರಟರು, ಅವರೂ ಹಿಂದೆ ಬಂದರು. ದಾರಿಯಲ್ಲಿ ನೀರಿಲ್ಲದ ಈಜುಕೊಳ ಸಿಕ್ಕಿತು. ಎಲ್ಲರನ್ನೂ ಅದರೊಳಗೆ ಇಳಿಸಿ, ನಿಮ್ಮ ತಲೆ ಮೇಲಿಂದ ಈಜುತ್ತೇನೆ ಎಂದರು. ವಿದ್ಯಾರ್ಥಿಗಳು ಕೈಯಿಂದ ಕೈಗೆ ಅವರನ್ನು ದಾಟಿಸಿದರು, ಇವರು ಕೈ ಬೀಸುತ್ತಾ ಈಜಿದರು. ಆಮೇಲಾಮೇಲೆ ಇದೊಂದು ರೂಢಿಯೇ ಆಯಿತು. ಇನ್ನೊಂದು ಕಡೆ ಇಡೀ ಸಭೆಯನ್ನು ಮೆಕ್‌ಡೊನಾಲ್ಡ್ಸ್‌ಗೆ ನಡೆಸಿಕೊಂಡು ಹೋಗಿ 300 ಹ್ಯಾಂಬರ್ಗರ್ ಆರ್ಡರ್ ಮಾಡಿ, ಮರುಕ್ಷಣ ಅದನ್ನು ಒಂದು ಪೊಟ್ಟಣ ಫ್ರೈಸ್‌ಗೆ ಬದಲಿಸಿದರು. ಆಟ ಎಲ್ಲಿ ಮುಗಿಯಿತು ಎಂದು ಸಭೆಗೆ ತಿಳಿಯದೇ ಇರುವುದು, ಇದೇ ಆ ಸಿದ್ಧಾಂತದ ತಾರ್ಕಿಕ ತುದಿ. ನೂರು ಜನರ ಜೊತೆ ಇದು ಸಾಧ್ಯ. ಹದಿನೆಂಟು ಸಾವಿರ ಜನರ ಜೊತೆ ಮಾಡಿದರೆ ಪೊಲೀಸರು ಬರುತ್ತಾರೆ.

1976ರ ಅಕ್ಟೋಬರ್‌ನಲ್ಲಿ ‘ಸ್ಯಾಟರ್‌ಡೇ ನೈಟ್ ಲೈವ್’ ಎಂಬ ಟಿವಿ ಹಾಸ್ಯ ಕಾರ್ಯಕ್ರಮವನ್ನು ಮೊದಲ ಸಲ ನಡೆಸಿಕೊಟ್ಟ ಮೇಲೆ ಎಲ್ಲವೂ ಒಮ್ಮೆಲೇ ದೊಡ್ಡದಾಯಿತು. 1977ರ ಧ್ವನಿಮುದ್ರಿಕೆಗೆ ಗ್ರ್ಯಾಮಿ, 1978ರ ಮುದ್ರಿಕೆಗೆ ಮತ್ತೆ ಗ್ರ್ಯಾಮಿ. ಆ ಎರಡನೆಯದು, ‘ಎ ವೈಲ್ಡ್ ಅಂಡ್ ಕ್ರೇಜಿ ಗೈ’, ನಮ್ಮ ವಿಷಯಕ್ಕೆ ಬಲು ಉಪಯುಕ್ತ ದಾಖಲೆ. ಆ ರೆಕಾರ್ಡ್ ತಟ್ಟೆಯ ಮೊದಲ ಮುಖ ಸ್ಯಾನ್ ಫ್ರಾನ್ಸಿಸ್ಕೋದ ಬೋರ್ಡಿಂಗ್ ಹೌಸ್ ಎಂಬ ಸಣ್ಣ ಕ್ಲಬ್‌ನಲ್ಲಿ ಮುದ್ರಿತವಾದದ್ದು. ಎರಡನೆಯ ಮುಖ ಕೊಲೊರಾಡೋದ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ, ಅಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಆಸನ. ಕಣ್ಣು ಮುಚ್ಚಿ ಎರಡನ್ನೂ ಕೇಳಿ. ಮೊದಲ ಮುಖದಲ್ಲಿ ಒಬ್ಬೊಬ್ಬರ ನಗು ಬಿಡಿಬಿಡಿಯಾಗಿ, ಅಡ್ಡಾದಿಡ್ಡಿ ಜಾಗಗಳಲ್ಲಿ ಏಳುತ್ತದೆ. ಎರಡನೆಯದರಲ್ಲಿ ಕೇಳುವುದು ಮೊರೆತ. ಅದು ನಗುವಿಗಿಂತ ಕೇಕೆಗೆ ಹತ್ತಿರ, ಪರಿಚಿತ ಮಾತು ಬಂತು ಎಂಬ ಗುರುತಿನ ಸಂಭ್ರಮ.

ಈಗ ದೂರದ ಲೆಕ್ಕ ಹಾಕೋಣ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಕ್ಲಬ್‌ನ ಕೊನೆಯ ಸಾಲು ಹತ್ತು ಮೀಟರ್ ದೂರದಲ್ಲಿದ್ದರೆ ಮಾತು ಹೋಗಿ ನಗು ಮರಳಲು ಬೇಕಾದದ್ದು 0.06 ಸೆಕೆಂಡ್. ಗೊತ್ತೇ ಆಗುವುದಿಲ್ಲ. ನೂರು ಮೀಟರ್ ಆದರೆ ಸುಮಾರು 0.6 ಸೆಕೆಂಡ್. ಮುಂದಿನ ಸಾಲಿನವರು ನಕ್ಕು ಮುಗಿಸುವ ಹೊತ್ತಿಗೆ ಹಿಂದಿನವರ ನಗು ಬರುತ್ತದೆ. ಕಾಯದೆ ಮಾತಾಡಿದರೆ ಮುಂದಿನ ಮಾತು ಯಾರಿಗೂ ಕೇಳುವುದಿಲ್ಲ, ಕಾದರೆ ‘ಮೈಕ್ ಮೇಲೆ ಮೂಗು’ ಸತ್ತುಹೋಗುತ್ತದೆ.

ಕಣ್ಣಿನ ಲೆಕ್ಕ ಇನ್ನೂ ಕಠಿಣ. 25 ಸೆಂಟಿಮೀಟರ್ ಉದ್ದದ ಮುಖ 60 ಮೀಟರ್ ದೂರದಿಂದ ಹುಣ್ಣಿಮೆ ಚಂದ್ರನ ಅರ್ಧದಷ್ಟು ಕಾಣುತ್ತದೆ. ಹುಬ್ಬು, ತುಟಿಯ ಅಂಚು, ಹುಸಿ ಗಾಂಭೀರ್ಯ, ಇವೆಲ್ಲ ಅಲ್ಲಿ ಇಲ್ಲ. ವೇದಿಕೆಯ ಪಕ್ಕ ಬೃಹತ್ ಪರದೆ ಹಾಕುವ ವ್ಯವಸ್ಥೆ ಆಗಿನ್ನೂ ವ್ಯಾಪಕವಾಗಿರಲಿಲ್ಲ. ಮಾರ್ಟಿನ್ ಇದಕ್ಕೆ ಕಂಡುಕೊಂಡ ಪರಿಹಾರ ಆ ಪ್ರಸಿದ್ಧ ಬಿಳಿ ಸೂಟು. ಕತ್ತಲ ಹಿನ್ನೆಲೆಯಲ್ಲಿ ದೂರದವರಿಗೂ ಮನುಷ್ಯ ಎಲ್ಲಿದ್ದಾನೆ ಎಂದು ಕಾಣಲಿ ಎಂಬುದೇ ಅದರ ಉದ್ದೇಶ. ಒಳಗಿನ ವೇಸ್ಟ್‌ಕೋಟು ಕೂಡ ಅಲಂಕಾರಕ್ಕಲ್ಲ, ಕುಣಿಯುವಾಗ ಅಂಗಿ ಪ್ಯಾಂಟಿನಿಂದ ಹೊರಬರದಿರಲಿ ಎಂದು. ಒಳ್ಳೆಯ ಇಂಜಿನಿಯರಿಂಗ್. ಆದರೆ ಬಿಳಿ ಸೂಟು ದೇಹವನ್ನು ತೋರಿಸಿತು, ಮುಖವನ್ನು ತೋರಿಸಲಾಗಲಿಲ್ಲ. ಹಿಂದಿನ ಸಾಲಿಗೆ ತಲುಪಿದ್ದು ಬಾಣ ಮತ್ತು ಕುಣಿತ. ಅಂದರೆ ಆಟದಲ್ಲಿ ಯಾವುದು ಹಾಸ್ಯವಲ್ಲವೋ ಅದು. ಪ್ರಯೋಗಕ್ಕೂ ಜಾಗ ಉಳಿಯಲಿಲ್ಲ. ಹೊಸ ಸಾಲು ಬಿದ್ದುಹೋದರೆ ನೂರು ಜನರ ಮುಂದೆ ಅದನ್ನೇ ಆಟ ಮಾಡಿಕೊಳ್ಳಬಹುದು, ಹದಿನೆಂಟು ಸಾವಿರದ ಮುಂದೆ ಅದು ಬರೀ ಮೌನ. ಹತ್ತು ವರ್ಷ ಕಲಿಕೆ, ನಾಲ್ಕು ವರ್ಷ ತಿದ್ದುವುದು, ನಾಲ್ಕು ವರ್ಷ ಹುಚ್ಚು ಯಶಸ್ಸು ಎಂದು ಮಾರ್ಟಿನ್ ತಮ್ಮ 18 ವರ್ಷಗಳನ್ನು ವಿಂಗಡಿಸಿದ್ದಾರೆ. ಆ ಕೊನೆಯ ನಾಲ್ಕರಲ್ಲಿ ಆಟ ಬೆಳೆದದ್ದು ಬಹಳ ಕಡಿಮೆ.

ಸಿನಿಮಾ ಇದಕ್ಕೆ ಉತ್ತರವಾಯಿತು, ಆದರೆ ಬಿಟ್ಟಿಯಾಗಿ ಅಲ್ಲ. ‘ದಿ ಜರ್ಕ್’ 1979ರಲ್ಲಿ ಬಂತು. ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದವನು ತಾನು ಎಂದು ಈ ಬಿಳಿ ಮನುಷ್ಯ ಗಂಭೀರವಾಗಿ ಹೇಳುವ ವೇದಿಕೆಯ ಒಂದೇ ಸಾಲಿನಿಂದ ಆ ಚಿತ್ರ ಬೆಳೆಯಿತು. ಅಮೆರಿಕದಲ್ಲೇ ಏಳು ಕೋಟಿ ಡಾಲರ್ ದಾಟಿ ಗಳಿಸಿತು. ಅದರ ಬೆನ್ನಿಗೆ ಬಂದ 1981ರ ‘ಪೆನ್ನೀಸ್ ಫ್ರಮ್ ಹೆವನ್’ಗಾಗಿ ತಿಂಗಳುಗಟ್ಟಲೆ ಟ್ಯಾಪ್ ನೃತ್ಯ ಕಲಿತರು. ಚಿತ್ರ ಮಕಾಡೆ ಮಲಗಿತು. ಜನ ಬಂದದ್ದು ಬಾಣದ ಮನುಷ್ಯನನ್ನು ನೋಡಲು, ಪರದೆ ಮೇಲಿದ್ದದ್ದು ಕತ್ತಲ ಕಥೆ.

ನಟನಾಗಿ ಅವರನ್ನು ಅಳೆಯಬೇಕಾದರೆ 1984ರ ‘ಆಲ್ ಆಫ್ ಮಿ’ ನೋಡಬೇಕು. ಸತ್ತ ಶ್ರೀಮಂತೆಯೊಬ್ಬಳ ಆತ್ಮ ವಕೀಲನ ದೇಹ ಹೊಕ್ಕು ಬಲಭಾಗವನ್ನು ಹಿಡಿದುಕೊಳ್ಳುತ್ತದೆ, ಎಡಭಾಗ ಅವನದೇ. ರಸ್ತೆ ಬದಿಯ ದೃಶ್ಯದಲ್ಲಿ ಬಲಗಾಲು ಒಂದು ನಡಿಗೆ, ಎಡಗಾಲು ಇನ್ನೊಂದು. ಒಂದು ಕೈ ಮುಂದಕ್ಕೆಳೆಯುತ್ತದೆ, ಇನ್ನೊಂದು ತಡೆಯುತ್ತದೆ, ಮುಖ ಇಬ್ಬರ ನಡುವೆ ಸಿಕ್ಕಿಬಿದ್ದಿರುತ್ತದೆ. ಇದು ಹ್ಯಾಪಿ ಫೀಟ್ ಅಲ್ಲದೆ ಮತ್ತೇನು? ದೇಹ ಒಂದು ಮಾಡುತ್ತದೆ, ಮುಖ ಇನ್ನೊಂದು ಹೇಳುತ್ತದೆ. ವ್ಯತ್ಯಾಸ ಇಷ್ಟೇ: ಈಗ ಮುಖ ಪರದೆಯ ತುಂಬ ಇದೆ. ನ್ಯೂಯಾರ್ಕ್ ಚಲನಚಿತ್ರ ವಿಮರ್ಶಕರ ವಲಯವೂ ರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಸಂಘವೂ ಆ ವರ್ಷದ ಶ್ರೇಷ್ಠ ನಟ ಪ್ರಶಸ್ತಿ ಕೊಟ್ಟವು. ಆಸ್ಕರ್‌ಗೆ ನಾಮನಿರ್ದೇಶನವೂ ಸಿಗಲಿಲ್ಲ. ಹಾಸ್ಯನಟನೆಯನ್ನು ಹಾಲಿವುಡ್ ಇವತ್ತಿಗೂ ಹಾಗೇ ನಡೆಸಿಕೊಳ್ಳುತ್ತದೆ, ಬಿಡಿ.

1987ರ ‘ರಾಕ್ಸಾನ್’ ಚಿತ್ರಕಥೆಗೆ ಬರಹಗಾರರ ಸಂಘದ ಪ್ರಶಸ್ತಿ, 2005ರಲ್ಲಿ ಹಾಸ್ಯಕ್ಕೆ ಕೊಡುವ ಮಾರ್ಕ್ ಟ್ವೇನ್ ಪ್ರಶಸ್ತಿ, 2007ರಲ್ಲಿ ಕೆನಡಿ ಸೆಂಟರ್ ಗೌರವ, 2013ರಲ್ಲಿ ಗೌರವ ಆಸ್ಕರ್. ಪಟ್ಟಿ ಉದ್ದವಿದೆ, ಇಲ್ಲಿಗೆ ಸಾಕು.

ಪ್ರಶ್ನೋತ್ತರದಿಂದ

ಪಂಚ್‌ಲೈನ್ ನಿಜವಾಗಿಯೂ ಪೂರ್ತಿ ಬಿಟ್ಟಿದ್ದರೇ?

ಇಲ್ಲ. ಧ್ವನಿಮುದ್ರಿಕೆಗಳಲ್ಲಿ ಸ್ಪಷ್ಟ ಪಂಚ್‌ಲೈನ್‌ಗಳಿವೆ. ಒಂದು ಗಂಟೆಯ ಆಟವನ್ನು ಬರೀ ಒತ್ತಡದ ಮೇಲೆ ನಿಲ್ಲಿಸಿದರೆ ಸಭೆ ದಣಿಯುತ್ತದೆ, ಕೆಲವರು ಸಿಟ್ಟಾಗುತ್ತಾರೆ. ಅವರು ಬಿಟ್ಟದ್ದು ಸೂಚನೆಯ ಅಭ್ಯಾಸವನ್ನು: ಪ್ರತಿ ಜೋಕಿನ ಕೊನೆಗೆ ನಿಲ್ಲುವುದು, ನಗು ಬೇಡುವುದು. ಇವತ್ತು ಅನುಕರಿಸುವವರು ಎಡವುವುದು ಇಲ್ಲೇ. ಪಂಚ್‌ಲೈನ್ ತೆಗೆಯುತ್ತಾರೆ, ನಿಲ್ಲುವುದನ್ನು ಬಿಡುವುದಿಲ್ಲ.

ಸಣ್ಣ ಸಭಾಂಗಣಗಳಿಗೆ ಮರಳಬಹುದಿತ್ತಲ್ಲ?

ಕೋಣೆ ಚಿಕ್ಕದಾದ ಮಾತ್ರಕ್ಕೆ ಹೆಸರು ಚಿಕ್ಕದಾಗುವುದಿಲ್ಲ. ಆ ಆಟಕ್ಕೆ ಬೇಕಿದ್ದದ್ದು ‘ಇವನು ಯಾರು, ಏನು ಮಾಡುತ್ತಿದ್ದಾನೆ’ ಎಂಬ ಅನುಮಾನ. 1981ರಲ್ಲಿ ಅಂಥ ಅನುಮಾನವಿದ್ದ ಮೂವತ್ತು ಜನರನ್ನು ಅಮೆರಿಕದಲ್ಲಿ ಹುಡುಕುವುದು ಕಷ್ಟವಿತ್ತು. ಮುಂದೆ ಅವರು ವೇದಿಕೆಗೆ ಮರಳಿದ್ದು ನಿಜ, ಆದರೆ ಮಾರ್ಟಿನ್ ಶಾರ್ಟ್ ಎಂಬ ಇನ್ನೊಬ್ಬ ಹಾಸ್ಯನಟನ ಜೊತೆ ಜೋಡಿಯಾಗಿ. ಅಲ್ಲಿ ಒತ್ತಡ ಇಬ್ಬರ ನಡುವೆ ಕಟ್ಟುತ್ತದೆ, ಸಭೆಯ ಅನುಮಾನ ಬೇಕಿಲ್ಲ. 2021ರಲ್ಲಿ ಶುರುವಾದ ‘ಓನ್ಲಿ ಮರ್ಡರ್ಸ್ ಇನ್ ದ ಬಿಲ್ಡಿಂಗ್’ ಧಾರಾವಾಹಿಯೂ ಆ ಜೋಡಿಯ ಮೇಲೆಯೇ ನಿಂತಿದೆ, ಸೆಲೀನಾ ಗೋಮೆಜ್ ಮೂರನೆಯವರು.

ಬ್ಯಾಂಜೊ ಬರೀ ಸಾಮಾನೇ, ನಿಜವಾಗಿ ನುಡಿಸುತ್ತಾರೆಯೇ?

ಚೆನ್ನಾಗಿಯೇ ನುಡಿಸುತ್ತಾರೆ. ಐದು ತಂತಿಯ ಬ್ಯಾಂಜೊವನ್ನು ಹದಿಹರೆಯದಲ್ಲಿ ಕಲಿತ ರೀತಿ ಹೀಗೆ: ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 16ರಲ್ಲಿ ಹಾಕುವುದು. ವೇಗ ಅರ್ಧವಾಗುತ್ತದೆ, ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಒಂದೊಂದು ಮೀಟನ್ನೂ ಎಣಿಸಿ ಹಿಡಿಯಬಹುದು. ಮನೆಯವರ ಕಿವಿಗೆ ತೊಂದರೆಯಾಗದಿರಲಿ ಎಂದು ಕಾರಿನೊಳಗೆ ಗಾಜು ಏರಿಸಿ ಅಭ್ಯಾಸ, ಬೇಸಿಗೆಯಲ್ಲೂ. ಹೆಸರಾಂತ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಜೊತೆ ನುಡಿಸಿದ್ದಕ್ಕೆ 2002ರಲ್ಲಿ ಗ್ರ್ಯಾಮಿ ಬಂತು, ತಮ್ಮದೇ ಬ್ಲೂಗ್ರಾಸ್ (ಜಾನಪದ ಮೂಲದ ಅಮೆರಿಕನ್ ಸಂಗೀತ) ಆಲ್ಬಂ ‘ದಿ ಕ್ರೋ’ಗೆ 2010ರಲ್ಲಿ. ಅದೇ ವರ್ಷ ಬ್ಯಾಂಜೊ ವಾದಕರಿಗೆಂದು 50,000 ಡಾಲರ್‌ಗಳ ಪ್ರಶಸ್ತಿಯೊಂದನ್ನೂ ಅವರು ಆರಂಭಿಸಿದರು.